ಮೌನೇಶನ ಗ್ರಾಫಿಕ್ಸ್ ಕಾರ್ಡ್ ದಂಡಯಾತ್ರೆ

ಕೃತ, ತ್ರೇತಾ, ದ್ವಾಪರಗಳು ಒಂದರ ಬೆನ್ನಿಗೊಂದು ಸವೆದು, ಕಲಿಯುಗವೂ ಮುದಿಯಾಗಿ ಕನ್ನಡಕವೇರಿಸಿಕೊಂಡು ಪರದೆಯೆದುರು ಕುಳಿತಿರುವ ಈ ಕಾಲದಲ್ಲಿ, ಎಲೈ ವಾಗ್ದೇವಿಯೇ, ಹುಬ್ಬಳ್ಳಿಯ ಲೇಥ್‌ಕುಲತಿಲಕನೂ, ಲೋಹಚೂರ್ಣಧೂಸರಿತಬಾಹುವೂ, ಎಂಟನೆಯ ಇಯತ್ತೆಯಲ್ಲೇ ಗಣಿತದ ಮಾಸ್ತರರೊಡನೆ ಮುನಿದು ಪಾಟೀಚೀಲವನ್ನು ಕಿಟಕಿಯಿಂದಾಚೆಗೆ ವಿಸರ್ಜಿಸಿದ ಪ್ರಚಂಡಕೋಪನೂ ಆದ ಮೌನೇಶ ಬಡಿಗೇರನ ಸಾಹಸವನ್ನು ನೀನೇ ಹಾಡು. ಬೇರೆಯವರ ಗಂಟಲಿಗೆ ಇದು ದಕ್ಕುವ ಮಾತಲ್ಲ.

ಈ ಮಹಾವೀರನಿಗೆ ಒಬ್ಬಳೇ ತಂಗಿ, ಪಲ್ಲವಿ. ಮೆಕ್ಯಾನಿಕಲ್ ಎಂಜಿನಿಯರಿಂಗಿನ ಕಡೆಯ ವರ್ಷ. ಅವಳು ಕಂಪ್ಯೂಟರಿನಲ್ಲಿ ವಿನ್ಯಾಸ ಮಾಡಿದ ಗೇರ್‌ಬಾಕ್ಸು ಸೋಮವಾರ ಪರೀಕ್ಷಕರೆದುರು ತಿರುಗಬೇಕು. ತಿರುಗದಿದ್ದರೆ ವರ್ಷವೇ ಹೋದಂತೆ. ಅದೋ, ತುಸು ಹೊರಳಿಸಿದರೆ ಸಾಕು, ಒಂಟಿಕಾಲಿನ ಕೊಕ್ಕರೆಯಂತೆ ನಿಂತುಬಿಡುತ್ತಿತ್ತು. ಪರದೆಯ ಮೇಲೆ ಚಿತ್ರ ಓಡಿಸುವ ಗ್ರಾಫಿಕ್ಸ್ ಕಾರ್ಡ್ ಸಾಲದೆಂದು ಗೆಳತಿಯರು ನುಡಿದರು. ಶನಿವಾರ ಬೆಳಿಗ್ಗೆ ಮೌನೇಶ ಗರ್ಜಿಸಿದ.

“ಈ ಊರಾಗ ಎಲ್ಲಾದಕ್ಕಿಂತ ದೊಡ್ಡ ಕಾರ್ಡ್ ಯಾವ್ದೈತೋ, ಅದನ್ನ ಹೊತ್ಕೊಂಡ ಬರ್ತೀನಿ! ಯಾವಾಂವ ಅಡ್ಡ ಬರ್ತಾನ ನೋಡೇ ಬಿಡ್ತೀನಿ!”

“ಅಣ್ಣಾ, ದೊಡ್ಡದಂದ್ರ ಛೊಲೋದಂತ ಏನಿಲ್ಲೋ.”

“ನೀ ಸುಮ್ನಿರು. ಪೆನ್‌ಡ್ರೈವ್‌ನ್ಯಾಗ ಗೇರ್‌ಬಾಕ್ಸ್ ಹಾಕ್ಕೋ, ನಡಿ.”

ಧೂಮೋದ್ಗಾರಿಯಾದ ದ್ವಿಚಕ್ರರಥವು ಓಣಿಯ ನಾಯಿಗಳನ್ನು ದಿಕ್ಕಾಪಾಲಾಗಿಸುತ್ತ ಪೇಟೆಯ ಕಂಪ್ಯೂಟರ್ ಅಂಗಡಿಯೆದುರು ನಿಂತಿತು. ಗಲ್ಲೆಯೆಂಬ ಸಿಂಹಾಸನದಲ್ಲಿದ್ದ ಅಂಗಡಿಯ ಒಡೆಯ ಪದ್ಮಣ್ಣ, ತ್ರಿಪಂಖವಿರಾಜಿತವೂ ಸಪ್ತವರ್ಣದೀಪಾಲಂಕೃತವೂ ಇಟ್ಟಿಗೆಸಮಾನಗಾತ್ರವೂ ಆದ ಕಾರ್ಡೊಂದನ್ನು ಎರಡೂ ಕೈಯಲ್ಲಿ ಎತ್ತಿಹಿಡಿದ.

“ಹುಲಿ ಐತ್ರಿ ಇದು, ಹುಲಿ. ಎಂಥಾ ಗೇಮ್ ಇದ್ರೂ ನೀರು ಕುಡದಂಗ ಆಡಿಸ್ತೈತಿ.”

“ಗೇಮ್?” ಮೌನೇಶನ ಮೂಗಿನ ಹೊಳ್ಳೆಗಳು ಕುಲುಮೆಯ ತಿದಿಯಂತೆ ಉಬ್ಬಿದವು. “ನಮ್ಮ ತಂಗಿ ಆಟ ಆಡಾಕಿ ಅಲ್ರಿ, ಗೇರ್‌ಬಾಕ್ಸ್ ಮಾಡಾಕಿ! ಬಣ್ಣದ ದೀಪ ಗಣಪತಿ ಪೆಂಡಾಲಿಗೆ ಹಚ್ಚ್ರಿ!”

ಪದ್ಮಣ್ಣ ಅಂಜದೆ ಇನ್ನೊಂದನ್ನು ತೆಗೆದ. ಕಪ್ಪಗೆ, ತೆಳ್ಳಗೆ, ದೀಪವೂ ಇಲ್ಲ, ದರ್ಪವೂ ಇಲ್ಲ. “ಹಂಗಾರ ಇದು. ಡಿಸೈನ್ ಮಾಡೋರಿಗಂತನ ಬಂದದ್ದು.”

“ಬಿಸ್ಕೀಟ್ ಪುಡಾ ಇದ್ದಂಗೈತಿ! ಸಾಲಿ ಕಲ್ತಿಲ್ಲಂತ ನನ್ನ ಮಾರಿ ಮ್ಯಾಲ ಬರದೈತೇನ್ರಿ?”

ಹೀಗೆಂದವನೇ ಜೇಬಿನಿಂದ ವರ್ನಿಯರ್ ಎಂಬ ದಿವ್ಯಾಸ್ತ್ರವನ್ನು ಸೆಳೆದು ಎರಡೂ ಕಾರ್ಡುಗಳ ಉದ್ದ ಅಳೆದ, ದಪ್ಪ ಅಳೆದ, ಫ್ಯಾನಿನ ಎಲೆಗಳನ್ನೂ ಬಿಡದೆ ಅಳೆದ. ಅಳತೆಯಲ್ಲಿ ಹುಲಿಯೇ ಗೆದ್ದಿತು. ಪಲ್ಲವಿ ಹಣೆ ಹಿಡಿದುಕೊಂಡಳು.

“ಅಳತೀಲೆ ಏನ್ ತಿಳಿತೈತ್ರಿ?” ಪದ್ಮಣ್ಣ ನಕ್ಕ. “ಎರಡೂ ನನ್ನ ಕಂಪ್ಯೂಟರಿಗೆ ಹಾಕಿ ನೋಡೂಣು. ಯಾವ್ದು ತಿರುಗಿಸ್ತೈತೋ ಅದನ್ನ ಒಯ್ರಿ.”

ಆಗ ನಡೆದದ್ದು ಘೋರ ದ್ವಂದ್ವ. ಮೊದಲು ಹುಲಿ ಹೊಕ್ಕಿತು. ಮೂರು ಫ್ಯಾನುಗಳು ಭೋರ್ಗರೆದವು, ಏಳು ಬಣ್ಣಗಳು ಧಗಧಗಿಸಿದವು, ಗೇರ್‌ಬಾಕ್ಸು ಅರ್ಧ ಹಲ್ಲು ತಿರುಗಿ ನಿಂತಿತು. ಬಳಿಕ ಬಿಸ್ಕೀಟ್ ಪುಡಾ ಹೊಕ್ಕಿತು. ಅದೂ ಅರ್ಧ ಹಲ್ಲಿಗೇ ಶರಣಾಯಿತು.

“ತಂಗೆವ್ವಾ, ಏನೇನು ತುಂಬೀಯವಾ ಇದರಾಗ?” ಪದ್ಮಣ್ಣ ಪರದೆಗೆ ಮೂಗು ತಾಗಿಸಿ ಒಂದು ಬೋಲ್ಟನ್ನು ದೊಡ್ಡದು ಮಾಡಿ ನೋಡಿದ. “ಅಯ್ಯಯ್ಯ! ನೂರಾನಲವತ್ತು ಬೋಲ್ಟಿಗೂ ಖರೇಖರೇ ಥ್ರೆಡ್ ಕೊರದೀಯಲ್ಲ, ತಿರುಪಿನ ಒಂದೊಂದು ಸುತ್ತೂ! ಹಿಂಗ ಮಾಡಿದ್ರ ಎಂಥಾ ಕಾರ್ಡ್ ಹಾಕಿದ್ರೂ ಅಷ್ಟ. ಬೋಲ್ಟ್ ನುಣ್ಣಗ ಬಿಟ್ಟು, ಮ್ಯಾಲ ಥ್ರೆಡ್ಡಿನ ಗುರ್ತು ಹಚ್ಚಿದ್ರ ಮುಗೀತು. ಯಾರವಾ ನಿನಗ ಹಿಂಗ ಕಲಿಸಿದಾಂವ?”

ಪಲ್ಲವಿ ಅಣ್ಣನ ಕಡೆ ನೋಡಿದಳು.

ನಾಲ್ಕು ಸಂಜೆ ಅವಳ ಕುರ್ಚಿಯ ಹಿಂದೆ ನಿಂತು, ಒಂದೊಂದು ಸುತ್ತನ್ನೂ ಹೇಳಿ ಹೇಳಿ ಕೊರೆಸಿದ್ದ ಆ ಪ್ರಚಂಡಕೋಪನ ಕಿವಿ ಕೆಂಪಾಯಿತು.

“ಥ್ರೆಡ್ ಇಲ್ದಿದ್ರ ಅದು ಬೋಲ್ಟ್ ಅಲ್ರಿ, ಮೊಳಿ,” ಎಂದ, ಬಹಳ ಮೆಲ್ಲಗೆ.

ಪದ್ಮಣ್ಣ ಆ ಕಾರ್ಡನ್ನೂ ಕಿತ್ತು ಎರಡನ್ನೂ ಡಬ್ಬಿಗೆ ಸೇರಿಸಿದ. ಬರಿಯ ಕಂಪ್ಯೂಟರಿನಲ್ಲೇ ಪಲ್ಲವಿ ಥ್ರೆಡ್ಡುಗಳನ್ನು ಅಳಿಸುತ್ತ ಹೋದಳು. ಬೋಲ್ಟುಗಳು ಸಾಲುಸಾಲಾಗಿ ಬೋಳಾಗುವುದನ್ನು ವೀರನು ನುಂಗಲಾರದೆ ನುಂಗುತ್ತ ನೋಡಿದ. ಕೊನೆಯದಕ್ಕೆ ಬಂದಾಗ ತಡೆಯಲಾಗಲಿಲ್ಲ.

“ಪಲ್ಲೂ, ಅದೊಂದಾರ ಇರ್ಲಿ ಬಿಡವಾ.”

ಅವಳು ನಕ್ಕು ಅದೊಂದನ್ನು ಹಾಗೇ ಉಳಿಸಿದಳು. ಗುಂಡಿ ಒತ್ತಿದಳು. ಗೇರ್‌ಬಾಕ್ಸು ಎಲ್ಲೂ ತಡೆಯದೆ ಗರಗರ ತಿರುಗಿತು. ಅಂಗಡಿಗೆ ಬಂದಿದ್ದ ಗಿರಾಕಿಗಳೂ ಒಮ್ಮೆ ಇಣುಕಿ ಹೋದರು.

ಅಷ್ಟದಿಕ್ಕುಗಳನ್ನು ನಡುಗಿಸಲೆಂದು ಹೊರಟಿದ್ದ ಮೌನೇಶ ಬಡಿಗೇರನು ಪರದೆಯ ಮೇಲಿನ ಆ ಒಂದೇ ಬೋಲ್ಟಿನ ಹತ್ತಿರ ಬಾಗಿ, ಕಣ್ಣು ಕಿರಿದುಮಾಡಿ ನೋಡಿ, ಹೇಳಿದ:

“ಥ್ರೆಡ್ ಬರೋಬ್ಬರಿ ಕುಂತಾವು.”