ವೆಬ್‌ಸೈಟಿನ ಈಶಾನ್ಯ ಮೂಲೆ

ಅರ್ಥವಾಗದ ಮಾತಿಗೆ ತಲೆಯಾಡಿಸಬಾರದೆಂದು ನನಗೂ ಗೊತ್ತು. ಆದರೆ ಎದುರಿಗಿರುವವರು ಅಷ್ಟು ಶ್ರದ್ಧೆಯಿಂದ ಹೇಳುತ್ತಿರುವಾಗ ನನ್ನ ತಲೆ ನನ್ನನ್ನು ಕೇಳದೆಯೇ ಆಡಿಬಿಡುತ್ತದೆ. ಡಾಕ್ಟರ ಮುಂದೆ ಆಡಿದೆ, ಬ್ಯಾಂಕಿನಲ್ಲಿ ಆಡಿದೆ, ಮಿಕ್ಸಿ ರಿಪೇರಿಯವನ ಮುಂದೆಯೂ ಆಡಿದೆ. ಮನೆಗೆ ಬಂದ ಮೇಲೆ, ಅವರು ಹೇಳಿದ್ದಾದರೂ ಏನು ಎಂಬ ಚಿಂತೆ ಹತ್ತಿಕೊಳ್ಳುತ್ತದೆ. ಊಟ ಸೇರುವುದಿಲ್ಲ ಎಂದರೆ ಸುಳ್ಳಾದೀತು, ಸೇರುತ್ತದೆ, ಜೀರ್ಣವಾಗುವುದಿಲ್ಲ.

ದೊಡ್ಡಬಳ್ಳಾಪುರದ ನಮ್ಮ ನೇಕಾರರ ಸಂಘಕ್ಕೆ ನಾನು ಕಾರ್ಯದರ್ಶಿ. ಸೀರೆ ಮಾರಲು ವೆಬ್‌ಸೈಟ್ ಮಾಡಿಸಬೇಕೆಂದು ತೀರ್ಮಾನವಾದಾಗ ಅದನ್ನು ಕಟ್ಟಿಕೊಡಲು ಬಂದ ಎಂಜಿನಿಯರಮ್ಮ, "ಸರ್, ಯಾವ ಪುಟಕ್ಕೇ ಆಗಲಿ ಎರಡು ದಾರಿಯಾದ್ರೂ ಇರ್ಬೇಕು. ಮೆನು, ಹುಡುಕೋ ಪೆಟ್ಟಿಗೆ, ಸೈಟ್‌ಮ್ಯಾಪ್ ಅಂತ ಎಲ್ಲಾ ಪುಟಗಳ ಪಟ್ಟಿ, ಹೀಗೆ. ಕಣ್ಣು ಕಾಣದೋರಿಗೂ ಸಿಗ್ಬೇಕಲ್ವಾ, ಅದಕ್ಕೇ ಅಂತ ಸ್ಟ್ಯಾಂಡರ್ಡ್ ಇದೆ" ಎಂದರು. ತಲೆಯಾಡಿಸಿದೆ. ನಮ್ಮ ಅಧ್ಯಕ್ಷರಾದ ಗಂಗಣ್ಣನವರು ವಾಸ್ತು ಬಿಟ್ಟು ದನದ ಕೊಟ್ಟಿಗೆಯನ್ನೂ ಕಟ್ಟಿಸಿದವರಲ್ಲ. "ಅಂಗಡಿ ಅಂದ್ಮೇಲೆ ಒಂದೇ ಬಾಗ್ಲು ಕಣಮ್ಮ. ಎಲ್ಲಾ ಕಡೆ ಬಾಗ್ಲು ಇಟ್ರೆ ಲಕ್ಷ್ಮಿ ಹಿಂಗ್ ಬಂದು ಹಂಗ್ ಹೋಗ್ಬಿಡ್ತಾಳೆ. ಈಶಾನ್ಯದಲ್ಲಿ ಒಂದು ದೀಪದ ಚಿತ್ರ ಇಡು. ಅದನ್ನ ಮುಟ್ಟಿದ್ರೆ ಸೀರೆ ಬರ್ಬೇಕು" ಎಂದರು. ಅದಕ್ಕೂ ತಲೆಯಾಡಿಸಿದೆ. ಎಂಜಿನಿಯರಮ್ಮ ನನ್ನ ಎರಡೂ ಒಪ್ಪಿಗೆಗಳನ್ನು ನೋಡಿ ನಿಟ್ಟುಸಿರುಬಿಟ್ಟು ಅಧ್ಯಕ್ಷರು ಹೇಳಿದಂತೆಯೇ ಮಾಡಿದರು. ಶಾಲೆಯ ಭೂಪಟವನ್ನು ನೆನೆಸಿಕೊಂಡು ಪರದೆಯ ಬಲಗಡೆಯ ಮೇಲ್ಮೂಲೆಯೇ ಈಶಾನ್ಯವೆಂದು ತೋರಿಸಿಕೊಟ್ಟವನು ನಾನು. ಫೋನನ್ನು ತಲೆಕೆಳಗಾಗಿ ಹಿಡಿದರೆ ಈಶಾನ್ಯ ಎಲ್ಲಿಗೆ ಹೋಗುತ್ತದೆ ಎಂಬ ಚಿಂತೆ ಆಮೇಲೆ ಬಹಳ ದಿನ ಕಾಡಿತು.

ನನ್ನ ಅಣ್ಣ ಆವತಿಯಲ್ಲಿದ್ದಾನೆ. ನೂಲಿನ ಬಣ್ಣ ಕೂಡಿಸುವುದರಲ್ಲಿ ಒಂದು ಕಾಲಕ್ಕೆ ಎತ್ತಿದ ಕೈ. ಈಗ ಕಣ್ಣು ಪೂರ್ತಿ ಹೋಗಿದೆ. ಅವನ ಮಗಳ ಮದುವೆ ಗೊತ್ತಾಯಿತು. ಧಾರೆಯ ಸೀರೆಯನ್ನು ತಾನೇ ಆರಿಸಬೇಕೆಂಬುದು ಅವನ ಹಟ. ನಮ್ಮ ವೆಬ್‌ಸೈಟ್ ಇದೆಯಲ್ಲ ಎಂದು ಎದೆಯುಬ್ಬಿಸಿ ಹೇಳಿದ್ದೆ. ಒಂದು ಭಾನುವಾರ ನಮ್ಮ ಮನೆಗೆ ಬಂದು ಕೂತು, ಪರದೆಯಲ್ಲಿರುವುದನ್ನೆಲ್ಲ ಓದಿ ಹೇಳುವ ತನ್ನ ಫೋನನ್ನು ತೆಗೆದ. ಬೆರಳು ಸರಿಸಿದ. ಫೋನು "ಚಿತ್ರ" ಎಂದಿತು. ಮತ್ತೆ ಸರಿಸಿದ. "ಚಿತ್ರ." ಇನ್ನೊಮ್ಮೆ. "ಚಿತ್ರ."

"ಏನಪ್ಪಾ, ಸೀರೆ ಬಿಟ್ಟು ಫೋಟೋ ಸ್ಟುಡಿಯೋ ಇಟ್ಬಿಟ್ರಾ?"

"ಈಶಾನ್ಯದಲ್ಲಿ ದೀಪ ಇದೆ ನೋಡಣ್ಣ, ಅದನ್ನ ಒತ್ತು."

"ನೋಡಣ್ಣ ಅಂತೆ! ಲೇ, ದೀಪ ಕಾಣಂಗಿದ್ರೆ ನಿನ್ನ ಮುಖ ಯಾಕ್ಲಾ ಕಾಣ್ತಿಲ್ಲ?"

ಕೊಡು, ನಾನೇ ಒತ್ತುತ್ತೇನೆ ಎಂದು ಕೈ ಚಾಚಿದೆ. ಅವನು ಫೋನನ್ನು ಎದೆಗೆ ಒತ್ತಿಕೊಂಡ. "ನಿನ್ ಕೈಲಿ ಆರಿಸ್ಕೊಳ್ಳೋದಾಗಿದ್ರೆ ಇಷ್ಟೆಲ್ಲಾ ಯಾಕೋ? ಊಟಕ್ಕೆ ಕರ್ಕೊಂಡು ಹೋಗೋರು, ಬಸ್ ಹತ್ತಿಸೋರು, ಎಲ್ಲಾ ಇದ್ದಾರೆ. ಮಗಳ ಸೀರೆ ಒಂದು ನಾನೇ ಆರಿಸ್ತೀನಿ ಕಣೋ."

ಮರುದಿನವೇ ಗಂಗಣ್ಣನವರ ಮುಂದೆ ನಿಂತೆ. ಸ್ಟ್ಯಾಂಡರ್ಡಿನ ಬಗ್ಗೆ ಹೇಳಹೊರಟು ನಾನೇ ಗೊಂದಲಕ್ಕೆ ಬಿದ್ದೆ. ಕೊನೆಗೆ, "ಬಾಗಿಲು ಒಂದೇ ಇರ್ಲಿ ಯಜಮಾನ್ರೇ. ಮೆನು, ಹುಡುಕೋ ಪೆಟ್ಟಿಗೆ, ಸೈಟ್‌ಮ್ಯಾಪು, ಇವನ್ನ ಕಿಟಕಿ ಅಂದ್ಕೊಳ್ಳಿ" ಎಂದುಬಿಟ್ಟೆ. ಅವರು ಕಣ್ಣು ಮುಚ್ಚಿ ಲೆಕ್ಕ ಹಾಕಿದರು. "ಮೂರು ಕಿಟಕಿ? ಬೆಸ ಬರ್ಬಾರದು. ಇನ್ನೊಂದು ಇಡ್ಸು!" ಎರಡು ದಾರಿಯಾದರೂ ಬೇಕೆಂದಿದ್ದ ಎಂಜಿನಿಯರಮ್ಮನಿಗೆ ಈ ಸರಿ-ಬೆಸದ ಲೆಕ್ಕ ಹೇಗೆ ಹೇಳುವುದೆಂದು ತಿಳಿಯದೆ, ಆ ಮೂರರ ಜೊತೆಗೆ ಪುಟದ ತಳದಲ್ಲಿ ಇನ್ನೊಂದು ದಾರಿ ಬೇಕೆಂದಷ್ಟೇ ಹೇಳಿದೆ. ಆಕೆಗೆ ಸಂತೋಷವೋ ಸಂತೋಷ. "ಹಾಗೇ ಪ್ರತಿ ಚಿತ್ರಕ್ಕೂ ವಿವರಣೆ ಬರ್ಕೊಡಿ ಸರ್" ಎಂದರು.

ಬರೆದುಕೊಟ್ಟೆ. ಸಂಜೆ ಅಣ್ಣನ ಫೋನ್ ಬಂತು. "ಎಲ್ಲಾದಕ್ಕೂ 'ಸುಂದರವಾದ ಸೀರೆ' ಅಂತ ಬರ್ದಿದ್ದೀಯಲ್ಲೋ! ನೀನು ಹೆಣ್ಣು ನೋಡ್ಕೊಂಡು ಬಂದಾಗ್ಲೂ ಹಿಂಗೇ ಕಣೋ, ಏನ್ ಕೇಳಿದ್ರೂ ಸುಂದರವಾಗಿದ್ದಾಳೆ ಅಂದೆ."

"ಅದು ನಿಜ ಅಣ್ಣ" ಎಂದೆ. ಹೆಂಡತಿ ಪಕ್ಕದಲ್ಲೇ ಇದ್ದಳು.

ಮತ್ತೆ ಕೂತೆ. ಹುಟ್ಟಿದಾಗಿನಿಂದ ಮಗ್ಗದ ಸದ್ದಿನಲ್ಲೇ ಬೆಳೆದವನಿಗೆ ಒಂದು ಸೀರೆ ಹೇಗಿದೆಯೆಂದು ಹೇಳಲು ಪದ ಸಿಗಲಿಲ್ಲ. ಕಿಟಕಿಯಾಚೆ ನೋಡುತ್ತಾ ಕೂತು, ಹುಣಸೆ ಚಿಗುರಿನ ಕೆಂಪು ಒಡಲು, ಹೊಂಗೆ ಎಲೆಯ ಹಸಿರು ಅಂಚು, ಸೆರಗಿನ ತುಂಬ ಮಾವಿನಕಾಯಿಯ ಜರಿ ಎಂದು ಒಂದೊಂದಾಗಿ ಬರೆದೆ.

ಎರಡು ದಿನ ಅಣ್ಣನ ಸುದ್ದಿಯಿಲ್ಲ. ಆಮೇಲೆ ಫೋನ್ ಮಾಡಿದ. "ಆರಿಸ್ಬಿಟ್ಟೆ ಕಣೋ. ಯಾರ್ನೂ ಕೇಳ್ಲಿಲ್ಲ." ಅವನ ದನಿಯಲ್ಲಿ ಅಂಥ ಗೆಲುವು ಕೇಳಿ ಎಷ್ಟೋ ಕಾಲವಾಗಿತ್ತು. "ಯಾವ್ದು?" ಎಂದರೆ, "ಸೀರೆ ಪುಟದಲ್ಲಿ ಮೊದಲ್ನೇದೇ, ಹೋಗಿ ನೋಡು" ಎಂದ.

ನನ್ನ ಹೆಂಡತಿ ತಕ್ಷಣ "ತೋರ್ಸಿ ತೋರ್ಸಿ" ಎಂದು ಬೆನ್ನಿಗೆ ನಿಂತಳು. ಈಶಾನ್ಯದ ದೀಪ ಒತ್ತೋಣವೆಂದರೆ ಕಿಟಕಿಗಳ ಗದ್ದಲದಲ್ಲಿ ಅದು ಕಣ್ಣಿಗೇ ಬೀಳಲಿಲ್ಲ. ಮೆನು ಒತ್ತಿದೆ, ಸಂಘದ ಇತಿಹಾಸ ಬಂತು. ಹುಡುಕುವ ಪೆಟ್ಟಿಗೆಯಲ್ಲಿ ಏನು ಹುಡುಕಬೇಕೆಂದು ಹೊಳೆಯಲಿಲ್ಲ. ಸೈಟ್‌ಮ್ಯಾಪಿನಲ್ಲಿ ಇಳಿದು ಹೋದವನು ಗಂಗಣ್ಣನವರ ಭಾವಚಿತ್ರದ ಮುಂದೆ ಎದ್ದೆ. ನಾಚಿಕೆ ಬಿಟ್ಟು ಅಣ್ಣನಿಗೇ ಫೋನ್ ಮಾಡಿ ದಾರಿ ಕೇಳಿದೆ.

"ಅಯ್ಯೋ, ಅಷ್ಟು ಸಲೀಸಾಗಿದೆಯಲ್ಲೋ! ಕಣ್ಮುಚ್ಕೊಂಡು ಒತ್ತು, ಬರತ್ತೆ" ಎಂದ.

ಹಿರಿಯರ ಮಾತು ಮೀರಿದವನಲ್ಲ ನಾನು. ಕಣ್ಣು ಮುಚ್ಚಿ ಒತ್ತಿದೆ. ತೆರೆದಾಗ ಸಂಘದ ವೆಬ್‌ಸೈಟು ಎಲ್ಲೂ ಇರಲಿಲ್ಲ. ಪರದೆಯ ತುಂಬ ಯಾವುದೋ ಜಾಹೀರಾತಿನ ಟ್ರ್ಯಾಕ್ಟರ್ ಟೈರು ನಿಂತಿತ್ತು. ನನ್ನ ಹೆಂಡತಿ ಕನ್ನಡಕ ಸರಿಮಾಡಿಕೊಂಡು ಬಗ್ಗಿ ಕೇಳಿದಳು:

"ಇದನ್ನಾ ಭಾವನೋರು ಆರಿಸಿರೋದು?"