ಹಸಿರು ಚೀಟಿಯ ಬದನೆಕಾಯಿ

"ಇವತ್ತಿನಿಂದ ಈ ಮನಿ ಕಾಯಿಪಲ್ಯದ ಕಾರಬಾರ ನಂದು!"

ಶಹಾಪುರದ ಒಂದು ಉದ್ದನೆಯ ಓಣಿಯ ಕಟ್ಟಕಡೆಯ ಮನೆಯ ಕಟ್ಟೆಯ ಮೇಲೆ ನಿಂತು ಗೋಡೆ ಕಟ್ಟುವ ಗೌಂಡಿ ಅಮಾತೆಪ್ಪ ಹೀಗೆ ಘೋಷಿಸಿದಾಗ ಓಣಿಯ ನಾಯಿ ಒಂದು ಕಿವಿ ಎತ್ತಿ ನೋಡಿ ಮತ್ತೆ ಮಲಗಿತು. ಜೋಳ ಹಸನು ಮಾಡುತ್ತಿದ್ದ ಅವನ ಹೆಂಡತಿ ಕಲ್ಯಾಣಮ್ಮ ಅಷ್ಟನ್ನೂ ಮಾಡಲಿಲ್ಲ.

ಘೋಷಣೆಗೆ ಕಾರಣ ಅಮಾತೆಪ್ಪನ ಕೈಯಲ್ಲಿದ್ದ ಒಂದು ಹಸಿರು ಚೀಟಿ. ರೇಶನ್ ತೆಗೆದುಕೊಳ್ಳುವ ಮನೆಯವರು ಬರೀ ಅಕ್ಕಿ ಜೋಳ ತಿಂದು ಕೂರಬಾರದು, ನಾಲ್ಕು ಕಾಯಿ, ಎರಡು ಹಣ್ಣು ಅವರ ಹೊಟ್ಟೆಗೂ ಬೀಳಲಿ, ಕಾಲುವೆ ದಂಡೆಯಲ್ಲಿ ಬೆಳೆಯುವವರಿಗೂ ಗಿರಾಕಿ ಸಿಗಲಿ ಎಂದು ಬೆಳೆಗಾರರ ಸಂಘದವರು ಈ ಚೀಟಿ ಹೊರಡಿಸಿದ್ದರು. ರೇಶನ್ ಅಂಗಡಿಯಲ್ಲಿ ಧಾನ್ಯದ ಜೊತೆ ಚೀಟಿ ಸಿಗುತ್ತಿತ್ತು. ಅದನ್ನು ಸಂತೆಗೆ ಒಯ್ದು, ನಮ್ಮ ಕಾಲುವೆಯ ನೀರಿನಲ್ಲೇ ಬೆಳೆದ ಕಾಯಿಪಲ್ಯ ಎಷ್ಟು ಕೊಂಡರೆ ಅಷ್ಟೇ ತೂಕದ್ದು ಮತ್ತೆ ಪುಕ್ಕಟೆ. ಚೀಟಿಯನ್ನು ಆ ವಾರದ ಸಂತೆಯ ದಿನವೇ ಬಳಸಬೇಕು, ಅಷ್ಟೇ.

"ಹೋದ ಸಲ ಚೀಟಿ ಒಯ್ದು ನೀ ಏನ್ ತಂದಿ?" ಎಂದು ಅಮಾತೆಪ್ಪ ವಿಚಾರಣೆ ಶುರು ಮಾಡಿದ. "ಅರ್ಧ ಕಿಲೋ ಹೀರಿಕಾಯಿ, ಒಂದೀಟ ಮೆಂತೆಪಲ್ಯ, ನಾಕ ಪೇರಲಹಣ್ಣ! ಪುಕ್ಕಟ ಕೊಡ್ತೀವಂದಾಗ ಚಮಚಾ ಹಿಡಿದು ನಿಲ್ಲಬಾರ್ದು ಕಲ್ಯಾಣಿ, ಪುಟ್ಟಿ ಒಡ್ಡಬೇಕು, ಪುಟ್ಟಿ!"

"ಮನ್ಯಾಗ ಇರೋವು ಮೂರ ಹೊಟ್ಟಿ ರಿ. ಅದರಾಗ ಅತ್ತಿಯವರದು ಅರ್ಧಾ ಹೊಟ್ಟಿ."

"ನನ್ನ ಹೊಟ್ಟಿ ಸುದ್ದಿ ನಿಮಗ್ಯಾಕವ್ವ?" ಎಂದು ಒಳಗಿನಿಂದ ಅಮಾತೆಪ್ಪನ ತಾಯಿ ಗೊಲ್ಲಾಳಮ್ಮ ಕೂಗಿದಳು. ಅವಳ ಬಾಯಲ್ಲಿ ಹಲ್ಲು ಇರಲಿಲ್ಲ, ಮಾತಿಗೆ ಮಾತ್ರ ಏನೂ ಕಡಿಮೆ ಇರಲಿಲ್ಲ.

"ತಂದದ್ದು ಕೊಳೀತಂದ್ರ?" ಎಂದು ಕಲ್ಯಾಣಮ್ಮ ಕೇಳಿದಳು.

ಅಲ್ಲಿ ಸುಮ್ಮನಿದ್ದರೆ ಅಮಾತೆಪ್ಪ ಬದುಕುತ್ತಿದ್ದ. ಆದರೆ ಮೀಸೆ ಇತ್ತಲ್ಲ! ಅದರ ಮೇಲೆ ಕೈ ಹೋಯಿತು.

"ಒಂದ... ಒಂದ ಕಾಯಿ ಹಾಳಾಗ್ಲಿ, ಬರೋ ಸೋಮವಾರ ನಿನ್ನ ತಮ್ಮ ಚಂದ್ರಾಮ ಬರ್ತಾನಲ್ಲ, ಅವನ ಮುಂದ ಒಲಿ ಹಚ್ಚಿ ನಾನ ರೊಟ್ಟಿ ಬಡೀತೀನಿ!"

ಕಲ್ಯಾಣಮ್ಮ ಈಗ ತಲೆ ಎತ್ತಿದಳು. ಅವಳ ತಮ್ಮ ಚಂದ್ರಾಮಪ್ಪ ಸುರಪುರದ ರಂಗಂಪೇಟೆಯಲ್ಲಿ ಟೇಲರ್ ಅಂಗಡಿ ಇಟ್ಟವನು. ಅವನ ಮಷೀನಿನ ಮುಂದೆ ಒಂದು ಸುದ್ದಿ ಬಿದ್ದರೆ, ಅಂಗಿಗೆ ಗುಂಡಿ ಹಚ್ಚುವುದರೊಳಗೆ ಅದು ಸುರಪುರದ ತುಂಬ ಹಬ್ಬಿರುತ್ತಿತ್ತು. ಹೆಂಡತಿಯ ತವರೂರಿನಲ್ಲಿ ಅಮಾತೆಪ್ಪ ಇಷ್ಟು ವರ್ಷ ಕಾಪಾಡಿಕೊಂಡು ಬಂದ ಮಾನವೆಲ್ಲ ಆ ಒಂದು ಮಾತಿನಲ್ಲಿ ಪಣಕ್ಕೆ ಬಿತ್ತು.

"ಅತ್ತೀ, ಕೇಳಿದ್ರಿಲ್ಲ?" ಎಂದಳು ಕಲ್ಯಾಣಮ್ಮ.

"ಕೇಳ್ದೆ, ಕೇಳ್ದೆ. ನನ್ನ ಕಿವಿ ಛಲೋ ಅದಾವ."

ಸಂತೆಗೆ ಹೋಗುವ ದಾರಿಯಲ್ಲಿ ಅಮಾತೆಪ್ಪ ಸುಮ್ಮನೆ ಹೋಗಲಿಲ್ಲ. ಚಹಾದ ಅಂಗಡಿಯಲ್ಲಿ ಓಣಿಯ ಗಂಡಸರನ್ನೆಲ್ಲ ಕೂಡಿಸಿಕೊಂಡು ಉಪದೇಶ ಮಾಡಿದ. "ಇವತ್ತ ಚೀಟಿ ಒಯ್ಯೋದು ಗಂಡಸರ ಕೆಲಸ. ಹೆಣ್ಮಕ್ಳು ಚಿಲ್ಲರೆ ಮಾಡ್ತಾರ. ಸಂತ್ಯಾಗ ಯಾವುದರ ಗುಂಪಿ ದೊಡ್ಡದದ ನೋಡ್ರಿ, ಅದಕ್ಕ ಕೈ ಹಾಕ್ರಿ!" ಗಂಡಸರೆಲ್ಲ ತಲೆದೂಗಿದರು. ಇಷ್ಟು ದೊಡ್ಡ ತಿಳಿವಳಿಕೆ ಒಂದು ಚಹಾದ ಕಪ್ಪಿನಲ್ಲಿ ಸಿಕ್ಕಿದ್ದಕ್ಕೆ ಅಮಾತೆಪ್ಪನ ಚಹಾದ ದುಡ್ಡನ್ನೂ ಅವರೇ ಕೊಟ್ಟರು.

ಸಂತೆಯಲ್ಲಿ ಎಲ್ಲಕ್ಕಿಂತ ದೊಡ್ಡ ಗುಂಪಿ ಚಮನಬೀಯದು. ಭೀಮರಾಯನಗುಡಿಯ ಕಡೆ ಕಾಲುವೆಗೆ ಹತ್ತಿದ ಅವಳ ತುಂಡು ಹೊಲದಲ್ಲಿ ಆ ವರ್ಷ ಬದನೆ ಗಿಡಗಳಿಗೆ ಹುಚ್ಚು ಹಿಡಿದಿತ್ತು. ಎಲೆಗಿಂತ ಕಾಯಿ ಹೆಚ್ಚು! ನೇರಳೆ ಬಣ್ಣದ, ಮುಳ್ಳು ತೊಟ್ಟಿನ, ಮಿರಮಿರ ಮಿಂಚುವ ಬದನೆಕಾಯಿ ಗುಡ್ಡದಂತೆ ಬಿದ್ದಿತ್ತು. ಅದರ ಹಿಂದೆ ಚಮನಬೀಯ ತಲೆ ಮಾತ್ರ ಕಾಣುತ್ತಿತ್ತು.

"ಐದ ಕಿಲೋ ತೂಗು" ಎಂದ ಅಮಾತೆಪ್ಪ.

"ಯಾರ ಮದುವಿ ಅಣ್ಣಾ?"

"ಮದುವಿ ಇಲ್ಲ. ಚೀಟಿ ಅದ."

"ಚೀಟಿ ಇದ್ರ ಹೊಟ್ಟಿ ದೊಡ್ಡದಾಗತದೇನಣ್ಣಾ? ಒಂದ ಕಿಲೋ ಬದನಿಕಾಯಿ ತಗೋರಿ. ಬಾಜೂಕ ಬೆಂಡಿ ಅದ, ರಾಜಗಿರಿ ಪಲ್ಯ ಅದ, ಪೇರಲಹಣ್ಣ ಅದ. ಅದಕ್ಕೂ ಈ ಚೀಟಿ ನಡೀತದ."

"ಮಾರೋಕ ಕುಂತವರು ಮಾಲ ಬ್ಯಾಡಂತ ಹೇಳೋದು ಇವತ್ತ ನೋಡ್ದೆ! ತೂಗವ್ವ, ತೂಗು."

ಐದು ಕಿಲೋ ತೂಗಿದಳು. ಚೀಟಿಗೆ ಮತ್ತೆ ಐದು ತೂಗಿದಳು. ಅಮಾತೆಪ್ಪ ಚೀಲದ ಬಾಯಿ ಮುಚ್ಚಲಿಲ್ಲ.

"ಕೊಸರು?"

ನಮ್ಮ ಕಡೆ ತೂಕವಾದ ಮೇಲೆ ಒಂದು ಹಿಡಿ ಕೊಸರು ಹಾಕದಿದ್ದರೆ ಅದು ವ್ಯಾಪಾರವೇ ಅಲ್ಲ. ಚಮನಬೀ ಎರಡೂ ಕೈಯಿಂದ ಬಾಚಿ ಹಾಕಿದಳು.

"ಇದು ಕೊಂಡಿದ್ದರ ಕೊಸರು. ಪುಕ್ಕಟದ್ದರ ಕೊಸರು ಎಲ್ಲಿ?"

ಚಮನಬೀ ತಕ್ಕಡಿ ಕೆಳಗಿಟ್ಟು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. "ಪುಕ್ಕಟಕ್ಕ ಕೊಸರು ಕೇಳ್ದವ್ರು ನೀವೊಬ್ಬರ ನೋಡಣ್ಣಾ!" ಎಂದು ಇನ್ನೂ ಎರಡು ಬೊಗಸೆ ಸುರಿದಳು. ಅಮಾತೆಪ್ಪ ಯುದ್ಧ ಗೆದ್ದ ಅರಸನಂತೆ ಚೀಲ ಹೆಗಲಿಗೇರಿಸಿದ. ಚೀಲದ ಹೊಲಿಗೆ ಕಿರ್ ಎಂದಿತು.

ಮನೆಯಲ್ಲಿ ಕಲ್ಯಾಣಮ್ಮ ಚೀಲ ನೋಡಿದಳು, ಗಂಡನನ್ನು ನೋಡಿದಳು, ಶೇಂಗಾ ಹುರಿಯಲು ಕೂತಳು.

ಆ ದಿನ ಎಣ್ಣೆಗಾಯಿ ಆಯಿತು. ಶೇಂಗಾ, ಗುರೆಳ್ಳು ಕುಟ್ಟಿ ತುಂಬಿದ ಎಣ್ಣೆಗಾಯಿ ತಿಂದು ಅಮಾತೆಪ್ಪ ಬೆರಳು ನೆಕ್ಕಿದ. "ನೋಡು, ಹ್ಯಾಂಗದ!" ಮರುದಿನ ಬದನೆಕಾಯಿ ಪಲ್ಯ. ಸಂಜೆಗೆ ಸುಟ್ಟ ಬದನೆಕಾಯಿಯ ಭರ್ತ. ಅದರ ಮರುದಿನ ಬುತ್ತಿ ಬಿಚ್ಚಿದರೆ ಬದನೆಕಾಯಿ, ಮನೆಗೆ ಬಂದರೆ ಬದನೆಕಾಯಿ, ಕೈ ತೊಳೆದರೂ ಬದನೆಕಾಯಿಯ ವಾಸನೆ. ಚೀಲದಲ್ಲಿ ಮಾತ್ರ ಏನೂ ಇಳಿದಂತೆ ಕಾಣಲಿಲ್ಲ.

"ಅಮಾತ್ಯಾ, ಇನ್ನೊಂದ ಹೊತ್ತ ಇದ ತಿನ್ನಿಸಿದ್ರ ನನ್ನ ತಲಿ ಮ್ಯಾಲ ತೊಟ್ಟ ಹುಟ್ಟತದ ನೋಡು!" ಎಂದು ಗೊಲ್ಲಾಳಮ್ಮ ಗಂಗಾಳ ದೂಡಿದಳು.

ಶನಿವಾರ ಕಲ್ಯಾಣಮ್ಮ ಚೀಲದಿಂದ ಒಂದು ಕಾಯಿ ತೆಗೆದು ಗಂಡನ ಮುಂದೆ ಹಿಡಿದಳು. ಅದರ ಮುಖದ ಮೇಲೆ ಗೊಲ್ಲಾಳಮ್ಮನ ಮುಖದಂತೆ ಸುಕ್ಕು ಬಿದ್ದಿತ್ತು.

"ಕೊಳೆತಿಲ್ಲ!" ಎಂದ ಅಮಾತೆಪ್ಪ ಗಾಬರಿಯಿಂದ. "ಸ್ವಲ್ಪ ವಯಸ್ಸಾಗ್ಯದ, ಅಷ್ಟ."

"ಸೋಮವಾರ ದೂರಿಲ್ರಿ" ಎಂದಳು ಕಲ್ಯಾಣಮ್ಮ ಬಲು ಮೆತ್ತಗೆ.

ಅಮಾತೆಪ್ಪನಿಗೆ ಕಣ್ಣ ಮುಂದೆ ರಂಗಂಪೇಟೆ ಬಂತು. ಹೊಲಿಗೆ ಮಷೀನಿನ ಸುತ್ತ ಕೂತವರು ಹೊಟ್ಟೆ ಹಿಡಿದು ನಗುತ್ತಿದ್ದರು. ಆಗ ಅವನಿಗೆ ಉಪಾಯ ಹೊಳೆಯಿತು. ಹಂಚಿಬಿಟ್ಟರೆ? ದಾನವೂ ಆಯಿತು, ಮಾನವೂ ಉಳಿಯಿತು! ಕಲ್ಯಾಣಮ್ಮ ನೀರಿಗೆ ಹೋದ ಹೊತ್ತು ನೋಡಿ ಬೋಗುಣಿಯೊಂದರಲ್ಲಿ ಬದನೆಕಾಯಿ ತುಂಬಿಕೊಂಡು ಪಕ್ಕದ ಸರ್ವರಬೇಗಂ ಮನೆಗೆ ನಡೆದ.

"ಆಪಾ, ನಿಮಗಂತ ತಂದೀನಿ."

ಸರ್ವರಬೇಗಂ ಬೋಗುಣಿಯೊಳಗೆ ಇಣುಕಿ ನೋಡಿದಳು. ಆಮೇಲೆ ಅವಳ ಮುಖ ರಮಜಾನಿನ ಚಂದ್ರ ಕಂಡಂತೆ ಅರಳಿತು. "ಅರೆ ವಾಹ್! ನಿಂದರ್ರಿ ಭಾಯಿ, ಖಾಲಿ ಬೋಗುಣಿ ಹ್ಯಾಂಗ ಕಳಸಲಿ?"

ಗಂಡಸಾದ ಅಮಾತೆಪ್ಪನಿಗೆ ಇದು ತಲೆಗೇ ಬಂದಿರಲಿಲ್ಲ. ಓಣಿಯಲ್ಲಿ ಒಂದು ಮನೆಯಿಂದ ಬೋಗುಣಿ ತುಂಬಿ ಬಂದರೆ ಅದು ಖಾಲಿ ಮರಳುವ ಪದ್ಧತಿಯೇ ಇಲ್ಲ. ಸರ್ವರಬೇಗಂ ಒಳಗೆ ಹೋಗಿ ಅದೇ ಬೋಗುಣಿಯ ತುಂಬ, ಅಂಚು ಮೀರಿ, ಬಿಸಿಬಿಸಿ ಬಗಾರಾ ಬೈಂಗನ್ ತಂದು ಕೈಗಿಟ್ಟಳು.

"ಇದೂ... ಬದನಿಕಾಯಿ?"

"ನೀವ ಹೇಳಿದ್ರಂತಲ್ಲ ನಮ್ಮವರಿಗೆ, ದೊಡ್ಡ ಗುಂಪಿಗೆ ಕೈ ಹಾಕ್ರಂತ! ಮೂಟಿ ತಂದು ಕೂತಾರ. ಯಾರರ ಒಂದ ಬೋಗುಣಿ ತರ್ತಾರೇನಂತ ನಿನ್ನಿಯಿಂದ ದಾರಿ ಕಾಯಾಕತ್ತಿದ್ದೆ."

ಅಮಾತೆಪ್ಪ ಛಲ ಬಿಡಲಿಲ್ಲ. ಇನ್ನೊಂದು ಬೋಗುಣಿ ಹಿಡಿದು ಎದುರುಮನೆಯ ಲಾಲಮ್ಮನಲ್ಲಿಗೆ ಹೋದ. ಲಾಲಮ್ಮ ಬದನೆಕಾಯಿ ಇಸಿದುಕೊಂಡು ಬದನೆಕಾಯಿ ಪಲ್ಯ ತುಂಬಿ ಕೊಟ್ಟಳು. ಸಾಲದ್ದಕ್ಕೆ ಮೇಲೆ ನಾಲ್ಕು ಹಸಿ ಕಾಯಿ. "ಕೊಸರು ಅಣ್ಣಾ!" ಎಂದಳು. ಸುದ್ದಿ ಅಲ್ಲಿಗೂ ಮುಟ್ಟಿತ್ತು.

ಅಮಾತೆಪ್ಪ ಕಾಲುವೆಯ ಗೇಟನ್ನೇ ಎತ್ತಿದಂತಾಗಿತ್ತು. ಇನ್ನು ನೀರು ನಿಲ್ಲುವುದುಂಟೆ? ಇಷ್ಟು ದಿನ ಮೊದಲು ಯಾರು ಕೊಡಬೇಕೆಂದು ಸಂಕೋಚದಿಂದ ಬಾಯಿ ಮುಚ್ಚಿಕೊಂಡಿದ್ದ ಮನೆಗಳೆಲ್ಲ ಬಾಗಿಲು ತೆರೆದವು. ಮೇಲಿನ ಮನೆಯವರು ಕೆಳಗಿನವರಿಗೆ ಕೊಟ್ಟರು, ಅವರು ಅವರ ಕೆಳಗಿನವರಿಗೆ ಕೊಟ್ಟರು. ಅಮಾತೆಪ್ಪನದು ಓಣಿಯ ಕೊನೆಯ ಮನೆ. ಅವನ ಕೆಳಗೆ ಹಾಳುಬಾವಿ ಬಿಟ್ಟರೆ ಯಾರೂ ಇರಲಿಲ್ಲ!

ಕಲ್ಯಾಣಮ್ಮ ನೀರು ತಂದು ನೋಡಿದರೆ ಪಡಸಾಲೆಯಲ್ಲಿ ಡಬರಿ, ತಾಟು, ಬುಟ್ಟಿ, ಬೋಗುಣಿ ಸಾಲುಗಟ್ಟಿ ಕೂತಿದ್ದವು. ಎಲ್ಲದರಲ್ಲೂ ಬದನೆಕಾಯಿ.

"ಕಾಲುವಿ ನೀರ ಟೇಲೆಂಡಿಗೆ, ಕಟ್ಟಕಡಿ ಹೊಲಕ್ಕ, ಬರಂಗಿಲ್ಲಂತಾರ" ಎಂದಳು ಅವಳು ಕೊಡ ಇಳಿಸುತ್ತ. "ಬದನಿಕಾಯಿ ನೋಡ್ರಿ ಹ್ಯಾಂಗ ಬಂದಾವ! ಇನ್ನ ಇಷ್ಟೂ ಬೋಗುಣಿ ಖಾಲಿ ಕಳಸಂಗಿಲ್ಲ. ಏನ ತುಂಬಿ ಕಳಸಲಿ, ನಿಮ್ಮ ಉಪದೇಶ?"

ಭಾನುವಾರ ಅಮಾತೆಪ್ಪ ಕೊನೆಯ ಅಸ್ತ್ರ ಹೂಡಿದ. ಸಂತೆಯ ಚೀಲದಲ್ಲೂ ಪಾತ್ರೆಗಳಲ್ಲೂ ಉಳಿದಿದ್ದ ಹಸಿ ಬದನೆಕಾಯಿಯನ್ನೆಲ್ಲ ಕೈಗೆ ಸಿಕ್ಕ ಒಂದು ಕೈಚೀಲಕ್ಕೆ ತುರುಕಿ, "ಕೆಲಸದ ಮ್ಯಾಲಿನ ಮಂದಿಗೆ ಕೊಟ್ಟ ಬರ್ತೀನಿ" ಎಂದು ಹೇಳಿ ನೇರ ಬಸ್ ನಿಲ್ದಾಣಕ್ಕೆ ಹೋದ. ಸುರಪುರದ ಬಸ್ಸು ಹೊರಡಲು ನಿಂತಿತ್ತು. ಒಳಗೆ ಹತ್ತಿ, ಹಿಂದಿನ ಸೀಟಿನ ಕೆಳಗೆ ಚೀಲ ನೂಕಿ, ಯಾರನ್ನೋ ಹುಡುಕುವವನಂತೆ ಆ ಕಡೆ ಈ ಕಡೆ ನೋಡಿ ಇಳಿದುಬಿಟ್ಟ. ಬಸ್ಸು ಹೊಗೆಯುಗುಳಿ ಹೋಯಿತು. ಹತ್ತಿರದ ಬಂಧುವನ್ನು ಬೀಳ್ಕೊಟ್ಟವನಂತೆ ಅಮಾತೆಪ್ಪ ಕೈ ಬೀಸಿದ.

ಆ ದಿನ ಅವನು ಹಗುರಾಗಿ ನಡೆದು ಮನೆಗೆ ಬಂದ. "ಎಲ್ಲಾ ಹಂಚಿದೆ! ಒಂದೂ ಹಾಳಾಗ್ಲಿಲ್ಲ!" ಮೀಸೆ ಮತ್ತೆ ಮೇಲೇರಿತು.

ಸೋಮವಾರ ಮಧ್ಯಾಹ್ನ ಚಂದ್ರಾಮಪ್ಪ ಬಂದ. ಬಂದವನು ಚಪ್ಪಲಿ ಬಿಡುವುದಕ್ಕೂ ಮೊದಲೇ ನಗುನಗುತ್ತ ಒಂದು ಚೀಲ ಮುಂದೆ ಚಾಚಿದ.

"ಮಾವಾ, ಎಷ್ಟ ಮರವಿನಪ್ಪ ನಿನಗ! ಚೀಲ ಬಸ್ಸಿನ್ಯಾಗ ಬಿಟ್ಟ ಇಳದೀಯಲ್ಲ! ನಮ್ಮ ಕಂಡಕ್ಟರ್ ಬಂಗಾರದಂಥ ಮನಷ್ಯಾ. ಚೀಲದ ಮ್ಯಾಲ ಹೆಸರ ಓದಿ ಸೀದಾ ಅಂಗಡಿಗೆ ತಂದ ಕೊಟ್ಟ. ಶಹಾಪುರದಾಗ ದೊಡ್ಡ ಮೀಸಿಯವ್ರು ಹತ್ತಿ ಇಳದ್ರು ಅಂದ, ನೀನ ಅಂತ ಗೊತ್ತಾತು."

ಅಮಾತೆಪ್ಪ ಆಗ ಮೊದಲ ಸಲ ಚೀಲವನ್ನು ಸರಿಯಾಗಿ ನೋಡಿದ. ದಪ್ಪ ಕೆಂಪು ಅಕ್ಷರಗಳು: 'ಚಂದ್ರಾಮಪ್ಪ ಟೇಲರ್ಸ್, ರಂಗಂಪೇಟೆ'. ಹೆಂಡತಿಯ ತವರಿನಿಂದ ಉಡುಗೊರೆ ಬಂದಿದ್ದ ಚೀಲ!

ಕಲ್ಯಾಣಮ್ಮ ಚೀಲ ಬಿಚ್ಚಿದಳು. ಬಿಸಿಲಲ್ಲಿ ಬಸ್ಸಿನ ಸೀಟಿನ ಕೆಳಗೆ ಬೆಂದು, ಮೇಲಿಂದ ಯಾರದೋ ಟ್ರಂಕಿನ ತೂಕ ಹೊತ್ತು, ಅರ್ಧದಷ್ಟು ಬದನೆಕಾಯಿ ಗೊಜ್ಜಾಗಿದ್ದವು. ವಾಸನೆ ಪಡಸಾಲೆ ದಾಟಿ ಗೊಲ್ಲಾಳಮ್ಮನ ಮೂಗಿಗೆ ಬಡಿಯಿತು.

"ಒಂದ ಕಾಯಿ ಅಂದಿದ್ಯಲ್ಲ ಅಮಾತ್ಯಾ?" ಎಂದಳು ಮುದುಕಿ. "ಎಣಿಸೋದ ಬ್ಯಾಡ ಬಿಡು. ಒಲಿ ಹಚ್ಚು."

ಅಮಾತೆಪ್ಪ ಒಲೆಯ ಮುಂದೆ ಕೂತ. ಚಂದ್ರಾಮಪ್ಪ ಎದುರಿಗೆ ಮಣೆ ಹಾಕಿಕೊಂಡು, ಒಂದು ಕ್ಷಣವೂ ತಪ್ಪಬಾರದೆಂದು ಕಣ್ಣರಳಿಸಿ ಕೂತ. ಗೋಡೆಯಾಚೆ ಸರ್ವರಬೇಗಂ, ಬಾಗಿಲಲ್ಲಿ ಲಾಲಮ್ಮ. ಅತ್ತ ಕಲ್ಯಾಣಮ್ಮ ಗಟ್ಟಿ ಕಾಯಿ ಆರಿಸಿ, ಓಣಿಯಿಂದ ಬೆಳಿಗ್ಗೆ ಬಂದ ಪಲ್ಯವನ್ನೂ ಕೂಡಿಸಿ ದೊಡ್ಡ ಡಬರಿಯ ತುಂಬ ಎಣ್ಣೆಗಾಯಿಗೆ ಇಟ್ಟಳು.

ಮೊದಲನೆಯ ರೊಟ್ಟಿ ಅಂಗೈ ಬಿಟ್ಟು ಬರಲಿಲ್ಲ. ಎರಡನೆಯದು ಹಂಚಿಗೆ ಹೋಗುವ ದಾರಿಯಲ್ಲೇ ಮೂರು ತುಂಡಾಗಿ ಮೂರು ದಿಕ್ಕಿಗೆ ಹೋಯಿತು. ಆಗ ಅಮಾತೆಪ್ಪನೊಳಗಿನ ಗೌಂಡಿ ಎದ್ದ. ತೆಳ್ಳಗಿದ್ದರಲ್ಲವೇ ಬಿರುಕು? ಗಾರೆಯಂತೆ ಹಿಟ್ಟು ನಾದಿ, ಗೋಡೆಗೆ ಗಿಲಾವು ಮಾಡುವ ಗತ್ತಿನಲ್ಲಿ ಟಪಟಪ ಬಡಿದು, ಬಲು ಗಟ್ಟಿಯಾದ ಒಂದು ಸಾಲು ರೊಟ್ಟಿ ತಯಾರಿಸಿದ.

ಚಂದ್ರಾಮಪ್ಪ ಒಂದನ್ನು ಗಂಗಾಳಕ್ಕೆ ಹಾಕಿಕೊಂಡ. ಟಣ್ ಎಂದಿತು.

"ಮಾವಾ, ಇದನ್ನ ತಿನ್ನಬೇಕೋ, ಬುನಾದಿಗೆ ಹಾಕಬೇಕೋ?"

"ತಿಂದ ನೋಡಲೇ!"

"ಹಲ್ಲಿದ್ದವ್ರ ಪಾಡ ಹಿಂಗಂದ್ರ ನಂದೇನು?" ಎಂದಳು ಗೊಲ್ಲಾಳಮ್ಮ. "ಕಲ್ಯಾಣವ್ವ, ಇದರ ಮ್ಯಾಲ ರಸ ಹಾಕು. ತೋಯಲಿ."

ಕಲ್ಯಾಣಮ್ಮ ಎಣ್ಣೆಗಾಯಿ ಸುರಿದಳು. ರೊಟ್ಟಿ ಅದನ್ನು ಕುಡಿದು ಸುಮ್ಮನೆ ಕೂತಿತು. ಮತ್ತೆ ಸುರಿದಳು. ಅದನ್ನೂ ಕುಡಿಯಿತು! ಬೇಸಿಗೆಯ ಎರೆಹೊಲಕ್ಕೆ ನೀರು ಬಿಟ್ಟಂತೆ, ಎಷ್ಟು ಹಾಕಿದರೂ ಮೇಲೆ ಪಸೆ ನಿಲ್ಲಲಿಲ್ಲ. ಚಂದ್ರಾಮಪ್ಪನೂ ಗಂಗಾಳ ಒಡ್ಡಿದ. "ನನಗೂ ಹಾಕಕ್ಕಾ, ಇನ್ನೂ ಹಾಕು, ಅಂಚು ಮೆತ್ತಗಾಗಿಲ್ಲ." ರೊಟ್ಟಿ ತೋಯಿಸಲು ಬದನೆಕಾಯಿ, ನುಂಗಲು ಬದನೆಕಾಯಿ, ಗಂಟಲಲ್ಲಿ ಸಿಕ್ಕಿದ್ದನ್ನು ಇಳಿಸಲು ಮತ್ತಷ್ಟು ಬದನೆಕಾಯಿ!

ಕಲ್ಯಾಣಮ್ಮ ಸೌಟು ಹಾಕಿದಳು. ಖರ್ ಎಂದು ಡಬರಿಯ ತಳ ಸದ್ದು ಮಾಡಿತು. ಬಗ್ಗಿ ನೋಡಿದಳು. ಪಡಸಾಲೆಯ ಬುಟ್ಟಿಗಳ ಕಡೆ ನೋಡಿದಳು. ಮನೆಯಲ್ಲಿ ಹೆಸರಿಗೊಂದು ಬದನೆಕಾಯಿಯೂ ಉಳಿದಿರಲಿಲ್ಲ.

ಅವಳು ನಗು ತಡೆಯಲಾರದೆ ಅಲ್ಲೇ ಕುಸಿದಳು. ಚಂದ್ರಾಮಪ್ಪನಿಗೆ ನಗಬೇಕೆಂದಿತ್ತು, ಬಾಯಿ ತುಂಬ ರೊಟ್ಟಿ ಇತ್ತು. ಅಮಾತೆಪ್ಪ ಹಿಟ್ಟು ಮೆತ್ತಿದ ಮೀಸೆಯನ್ನು ಒರೆಸಿಕೊಂಡು, ಇನ್ನಾದರೂ ಏಳಬಹುದೇ ಎಂದು ಮೆಲ್ಲಗೆ ಮೊಣಕಾಲೂರಿದ.

ಅಷ್ಟರಲ್ಲಿ ಗೋಡೆಯ ಮೇಲಿಂದ ಸರ್ವರಬೇಗಂಳ ಕೈ ಚಾಚಿ ಬಂತು. "ಅಮಾತೆಪ್ಪ ಭಾಯಿ, ಏಳಬ್ಯಾಡ್ರಿ! ನಮಗೂ ಒಂದೈದಾರ ರೊಟ್ಟಿ ಬಡೀರಿ. ಮನ್ಯಾಗ ಅರ್ಧ ಮೂಟಿ ಬದನಿಕಾಯಿ ಇನ್ನೂ ಅದ."

"ಅಣ್ಣಾ, ಆಮ್ಯಾಲ ನಮ್ಮವು!" ಎಂದಳು ಬಾಗಿಲಲ್ಲಿದ್ದ ಲಾಲಮ್ಮ.

ಕಲ್ಯಾಣಮ್ಮ ಹಿಟ್ಟಿನ ಡಬ್ಬಿಯನ್ನು ಗಂಡನ ಕಡೆ ಸರಿಸಿದಳು. ಅಮಾತೆಪ್ಪ ಮತ್ತೆ ಕೂತ. ತಲೆ ತಗ್ಗಿಸಿ ಹಿಟ್ಟಿಗೆ ನೀರು ಹಾಕುತ್ತ, ಇಡೀ ಜನ್ಮದಲ್ಲಿ ಯಾರ ಮುಂದೆಯೂ ಆಡದಷ್ಟು ಸಣ್ಣ ದನಿಯಲ್ಲಿ ಕೇಳಿದ:

"ಈ ಸಲ ಸ್ವಲ್ಪ ತೆಳ್ಳಗ ಬಡೀಲೇನ್ರಿ ಆಪಾ?"

"ತೋಬಾ ತೋಬಾ! ತೆಳ್ಳಗ ಬಡಿಯೋದಿದ್ರ ನಾನ ಬಡ್ಕೋತಿದ್ದಿಲ್ಲೇನು ಭಾಯಿ?"