ಸುನಂದಾ ಸಿಸ್ಟರಿಗೆ ಕೊಟ್ಟ ನಾರಳ

ಮನುಷ್ಯನಿಗೆ ಒಂದು ಶಾಲು ಹೊದಿಸಿದರೆ ಅವನು ಕುಳಿತ ಜಾಗ ಬಿಟ್ಟು ಏಳುವುದಿಲ್ಲ ಎಂಬುದು ನನ್ನ ಬಹಳ ದಿನದ ನಂಬಿಕೆ. ನಿಪ್ಪಾಣಿ ಕಡೆಯ ಒಂದು ಸರಕಾರಿ ಆಸ್ಪತ್ರೆಯಲ್ಲಿ ನಾನು ಗುಮಾಸ್ತ. ನನಗೆ ಇದುವರೆಗೆ ಯಾರೂ ಶಾಲು ಹೊದಿಸಿಲ್ಲ. ಆದರೂ ನಾನು ಕುಳಿತ ಜಾಗ ಬಿಟ್ಟು ಎದ್ದಿಲ್ಲ. ಈ ಮಾತು ಸುನಂದಾ ಸಿಸ್ಟರಿಗೆ ಶಾಲು ತಂದಾಗ ನನಗೆ ಹೊಳೆಯಲಿಲ್ಲ ನೋಡಿ.

ನಮ್ಮ ಸುನಂದಾ ಸಿಸ್ಟರು ಕೊಲ್ಹಾಪುರದ ಖಾಸಗಿ ಆಸ್ಪತ್ರೆಗೆ ಹೊರಟು ನಿಂತ ಸುದ್ದಿ ಬಂತು. ಅವರು ಕೊಗನೊಳ್ಳಿಯವರು; ಮನೆಯಿಂದ ಹೊರಗೆ ಬಂದರೆ ಕೊಲ್ಹಾಪುರದ ಬಸ್ಸು. ಇತ್ತ ಹೆರಿಗೆಗೆ ಬರುವ ಹೆಣ್ಣುಮಕ್ಕಳು ಗೇಟಿನಲ್ಲೇ "ಸುನಂದಕ್ಕ ಅದಾರೇನ್ರಿ?" ಎಂದು ಕೇಳುತ್ತಾರೆ. ಡಾಕ್ಟರು ಇದ್ದಾರೆಯೇ ಎಂದು ಯಾರೂ ಕೇಳಿದ್ದಿಲ್ಲ. ಅದನ್ನು ಬಲ್ಲ ಡಾಕ್ಟರೇ ನನ್ನನ್ನು ಕರೆದು, "ಅವ್ರ ಹೋದ್ರ ನಾವೂ ಬಾಗ್ಲಾ ಹಾಕ್ಕೊಂಡು ಹೋಗೂದರಿ. ಏನರ ಮಾಡ್ರಿ" ಎಂದರು.

ನಾನು ಸತ್ಕಾರ ಇಟ್ಟೆ. ಏಪ್ರಿಲ್ ತಿಂಗಳ ಬಿಸಿಲಲ್ಲಿ ಉಣ್ಣೆಯ ಶಾಲು, 'ಉತ್ತಮ ಸೇವೆ' ಎಂದು ಅಚ್ಚು ಹಾಕಿಸಿದ ದಪ್ಪ ಪ್ರಮಾಣಪತ್ರ, ಜುಟ್ಟಿದ್ದ ತೆಂಗಿನಕಾಯಿ. ಹಾವೇರಿ ಕಡೆಯವನಾದ ನನಗೆ ಮರಾಠಿ ಬರುವುದು ಅಷ್ಟಕ್ಕಷ್ಟೇ. ಆದರೂ ಸಿಸ್ಟರಿಗೆ ಶಾಲು ಹೊದಿಸಿದ ಮೇಲೆ, ಚೀಟಿ ಮಾಡಿಸಲು ನಿಂತ ಜನಕ್ಕೆ ಖುಷಿಯಾಗಲೆಂದು ಗಂಟಲು ಸರಿಮಾಡಿಕೊಂಡು ಸಾರಿದೆ: "ಆಜ್ ಆಮ್ಹೀ ಸಿಸ್ಟರ್‌ನಾ ನಾರಳ ದೇಣಾರ!" ಇಂದು ನಾವು ಸಿಸ್ಟರಿಗೆ ತೆಂಗಿನಕಾಯಿ ಕೊಡುತ್ತೇವೆ ಎಂದು ಹೇಳಿದೆನೆಂದೇ ನನ್ನ ಎಣಿಕೆ.

ಚಪ್ಪಾಳೆ ಬರಲಿಲ್ಲ. ಸಾಲಿನಲ್ಲಿದ್ದ ಮುದುಕಿಯೊಬ್ಬಳು ಕೋಲು ಊರಿಕೊಂಡು ನನ್ನ ಮುಂದೆ ಬಂದು ನಿಂತಳು. "ಯಾಕೋ ತಮ್ಮಾ? ಆಕಿ ಏನ್ ತಪ್ಪ ಮಾಡ್ಯಾಳ? ನನ್ನ ಮೊಮ್ಮಗಳನ್ನ ಉಳಿಸಿದಾಕಿ ಆಕಿ. ನಾರಳ ಕೊಡೂದಿದ್ರ ನಿನಗ ಕೊಡಬೇಕ!" ಹಿಂದಿದ್ದವರೆಲ್ಲ "ಖರೇ ಐತಿ, ಖರೇ ಐತಿ" ಎಂದರು.

ಸುನಂದಾ ಸಿಸ್ಟರು ಶಾಲಿನೊಳಗೆ ಬೆವರುತ್ತ, ನಗುತ್ತ, ಕಣ್ಣೊರೆಸಿಕೊಳ್ಳುತ್ತ ನನಗೆ ತಿಳಿಸಿಕೊಟ್ಟರು: "ಸರ, ಸತ್ಕಾರದಾಗ ಅದಕ್ಕ ಶ್ರೀಫಳ ಅಂತಾರ್ರಿ. ನಾರಳ ಕೊಟ್ರು ಅಂದ್ರ ನೌಕರಿಯಿಂದ ತಗದ್ರು ಅಂತ ಅರ್ಥ."

ಭೂಮಿ ಬಾಯಿ ಬಿಡಬಾರದೇ ಎನಿಸಿತು. ಸಿಸ್ಟರು ಮುದುಕಿಯ ಕೈ ಹಿಡಿದುಕೊಂಡು ಮುಂದುವರಿಸಿದರು: "ಇಂಥಾ ಮಂದೀನ್ನ ಬಿಟ್ಟು ಹೋಗಾಕ ನನಗೂ ಮನಸಿಲ್ರಿ. ನಾ ಶಾಲ್ ಕೇಳಿದ್ನೇನ್ರಿ? ಹೆರಿಗಿ ಖೋಲ್ಯಾಗ ಫ್ಯಾನ್ ಕೆಟ್ಟೈತಿ ಅಂತ ಅರ್ಜಿ ಕೊಟ್ಟು ಎರಡು ಬ್ಯಾಸಗಿ ಆತು. ಬಾಣಂತ್ಯಾರ ಸಂಕಟ ನೋಡಾಕ ಆಗೂದಿಲ್ಲ."

ಅರ್ಜಿ ಕೊಟ್ಟದ್ದು ಯಾರಿಗೆ ಎಂದು ಅವರು ಹೇಳಲಿಲ್ಲ. ದೊಡ್ಡ ಮನಸ್ಸು. ಅದು ನನ್ನ ಡ್ರಾಯರಿನಲ್ಲೇ, ಪ್ರಮಾಣಪತ್ರ ತೆಗೆದ ಜಾಗದ ಕೆಳಗೇ, ಹಾಯಾಗಿ ಮಲಗಿತ್ತು. ನಾಚಿಕೆಯಾಯಿತು. ಹೊಸ ಫ್ಯಾನು ಬರುವವರೆಗೆ ಇರಲಿ ಎಂದು ನನ್ನ ಟೇಬಲ್ ಫ್ಯಾನನ್ನು ಅಂದೇ ಹೆರಿಗೆ ಕೋಣೆಗೆ ಸಾಗಿಸಿದೆ. ಮರುದಿನ ಸಿಸ್ಟರು ಕೊಲ್ಹಾಪುರಕ್ಕೆ ಫೋನ್ ಮಾಡಿ ಬರುವುದಿಲ್ಲ ಎಂದರು; ತೆಂಗಿನಕಾಯಿಯನ್ನು ಚಟ್ನಿ ಮಾಡಿ ತಂದು ಎಲ್ಲರಿಗೂ ಬಡಿಸಿದರು.

ಪ್ರಮಾಣಪತ್ರವನ್ನು ಮಾತ್ರ ನನ್ನ ಮೇಜಿನ ಮೇಲೆ ಇಟ್ಟು, "ಇದು ನಿಮಗ ಬೇಕಾಗತೈತ್ರಿ" ಎಂದು ಹೋದರು. ಅವರ ಮಾತು ಸುಳ್ಳಾಗಲಿಲ್ಲ. ಹೊಸ ಫ್ಯಾನು ಇನ್ನೂ ಬಂದಿಲ್ಲ. ಮಧ್ಯಾಹ್ನದ ಸೆಕೆಯಲ್ಲಿ ದಿನವೂ ಆ ಪ್ರಮಾಣಪತ್ರದಿಂದಲೇ ಗಾಳಿ ಬೀಸಿಕೊಳ್ಳುತ್ತಿದ್ದೇನೆ. 'ಉತ್ತಮ ಸೇವೆ' ಎಂಬ ಅಕ್ಷರಗಳು ಮುಖದ ಮುಂದೆಯೇ ಬಂದು ಬಂದು ಹೋಗುತ್ತವೆ.